ಬೆಂಕಿಯ ಮೇಲೆ ಕಾಸು ಓದುತ್ತಿದ್ದವರು

೧೯೧೮ರಲ್ಲಿ ನನ್ನ ಓದು ನಿಂತಿತು. ಆ ವರ್ಷ ಇನ್‌ಫ್ಲುಯೆಂಜಾ ಜ್ವರ ಬಂದು ಹುಣಸೂರಿನ ನಮ್ಮ ಸ್ಕೂಲಿಗೆ ಬೀಗ ಬಿತ್ತು. ಬೀಗ ತೆಗೆಯುವ ಹೊತ್ತಿಗೆ ನಮ್ಮಪ್ಪ ಇರಲಿಲ್ಲ. ಕನ್ನಡ ನಾಲ್ಕನೇ ಕ್ಲಾಸು ಪೂರ್ತಿ ಮುಗಿದಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅಪ್ಪ ಬಿಟ್ಟುಹೋದ ಗಾಡಿಯಲ್ಲಿ ಹೊಸ ಪಾತ್ರೆ ತುಂಬಿಕೊಂಡು ಹೋಗಿ ಹಳೆ ಪಾತ್ರೆ ತುಂಬಿಕೊಂಡು ಬರುವ ಕೆಲಸ ಹಿಡಿದೆ. ಹನಗೋಡು, ಪಿರಿಯಾಪಟ್ಟಣ, ಎಡತೊರೆ, ಆ ಕಡೆ ಹೆಗ್ಗಡದೇವನಕೋಟೆ ದಾಟಿ ಅಂತರಸಂತೆಯವರೆಗೆ ನನ್ನ ಗಾಡಿ ನಿಲ್ಲದ ಸಂತೆಯಿಲ್ಲ. ಯಾರ ಮುಂದೆಯೂ ಕೈಯೊಡ್ಡದೆ ಮಕ್ಕಳನ್ನು ಸಾಕಿದ್ದೇನೆ. ಆದರೆ ಹೊಟ್ಟೆಪಾಡಿನ ಆಚೆಗೆ ಏನಾದರೂ ಕಲಿತಿದ್ದೇನೆ ಅನ್ನುವುದಾದರೆ ಅದು ಕಂಚುಗಾರರ ಬೀದಿಯ ಕೊನೆಯ ಕುಲುಮೆಯಲ್ಲಿ, ಹೋದ ಮಾಘದಲ್ಲಿ ತೀರಿಕೊಂಡ ಒಬ್ಬರಿಂದ ಕಲಿತದ್ದು.

ಅವರ ಹೆಸರು ಬರೆಯುವುದಿಲ್ಲ. ಬೀದಿಯವರೆಲ್ಲ ಆಚಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಎತ್ತರದ ಆಳು. ಹುಬ್ಬಿನಲ್ಲಿ ಒಂದು ಕೂದಲಿರಲಿಲ್ಲ, ಎಲ್ಲ ಬೆಂಕಿಗೆ ಹೋಗಿತ್ತು. ಬೇರೆ ಕಂಚುಗಾರರು ಉರಿಯಿಂದ ಮುಖ ಆಚೆ ತಿರುಗಿಸಿ ಕೆಲಸ ಮಾಡಿದರೆ ಇವರು ಬಾವಿಗೆ ಬಗ್ಗಿ ನೋಡುವವರ ಹಾಗೆ ಒಲೆಗೆ ಬಗ್ಗುತ್ತಿದ್ದರು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನನ್ನ ಹಳೆ ತಾಮ್ರದ ಮೂಟೆಯಲ್ಲಿ ಕಾಸುಗಳೂ ಬರುತ್ತಿದ್ದವು. ಹಳ್ಳಿಯ ಹೆಂಗಸರು ತೂತು ಬಿದ್ದ ಚೊಂಬಿನ ಜೊತೆಗೆ, ತೂಕಕ್ಕೆ ಇರಲಿ ಅಂತ, ಚಲಾವಣೆ ನಿಂತ ಕಾಸನ್ನೂ ಸುರಿಯುತ್ತಿದ್ದರು. ಆಚಾರ್ರು ಕರಗಿಸುವ ಮೊದಲು ಮೂಟೆಯನ್ನು ಗೋಣಿಯ ಮೇಲೆ ಸುರಿದು, ಹೆಂಗಸರು ಅಕ್ಕಿ ಆರಿಸುವ ಹಾಗೆ ಕಾಸು ಆರಿಸಿ ಬೇರೆ ಒಂದು ಗಡಿಗೆಯಲ್ಲಿ ಇಡುತ್ತಿದ್ದರು. ಅವರಿಗೆ ಮೆಚ್ಚುಗೆಯಾಗಲಿ ಅಂತ ಒಂದು ಸಲ ನಾನು ಕಾಸುಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ, ಹೊಸದರಂತೆ ಹೊಳೆಯಿಸಿ ತಂದೆ. ನೋಡಿದವರೇ ಇಕ್ಕಳ ಕೆಳಗಿಟ್ಟರು.

“ಯಾರ್ಲಾ ಇದ್ನ ಉಜ್ಜಿದ್ದು?”

“ನಾನೇ ಆಚಾರ್ರೇ.”

“ನಿಮ್ಮಜ್ಜಿ ಮುಖಾನೂ ಇಂಗೇ ಉಜ್ಜಿಬುಡು, ಸುಕ್ಕೆಲ್ಲ ಓಯ್ತದೆ. ಆಮೇಲೆ ಅಜ್ಜಿ ಯಾವ್ದು ಅಂತ ಉಡುಕ್ತಾ ಕೂತ್ಕೋ.”

ಪಾತ್ರೆಗೆ ಹುಣಸೆಹಣ್ಣು, ಕಾಸಿಗೆ ಬರೀ ನೀರು. ಇದು ಅವರ ಮೊದಲ ಪಾಠ. ಹೊಸದಾಗಿ ಹಳೆ ಕಾಸು ಕೂಡಿಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟನ್ನು ನೆನಪಿಟ್ಟುಕೊಂಡರೂ ಸಾಕು.

ಎರಡನೆಯ ಪಾಠ ಆನೆಯದು. ನಮ್ಮ ಕಡೆ ಸಿಗುವ ಹಳೆ ತಾಮ್ರದ ಕಾಸಿನಲ್ಲಿ ಆನೆಯದೇ ಹೆಚ್ಚು. ಒಂದನ್ನು ನನ್ನ ಅಂಗೈಯಲ್ಲಿಟ್ಟು ಏನಿದೆ ಅಂದರು. ಆನೆ ಅಂದೆ.

“ಆನೆ ಅಂತ ಕಾಕನಕೋಟೆ ಖೆಡ್ಡಾ ನೋಡ್ದೋರೆಲ್ಲ ಏಳ್ತಾರೆ. ಆನೆ ಬೆನ್ಮೇಲೆ ಏನೈತೆ, ಅದ್ನ ಏಳು.”

ಸಣ್ಣ ಸೂರ್ಯ, ಸಣ್ಣ ಚಂದ್ರ ಇದ್ದವು. ಸೂರ್ಯಚಂದ್ರರಿದ್ದರೆ ಅದು ಮಹಾರಾಜರ ಕಾಲದ ಆನೆ. ಸುಲ್ತಾನರ ರಾಜಧಾನಿಯಾಗಿದ್ದ ಪಟ್ಟಣದಲ್ಲಿ ಅವರ ಆಳ್ವಿಕೆ ಹೋದಮೇಲಿನದು. ಬೆನ್ನ ಮೇಲೆ ಅವೆರಡೂ ಇಲ್ಲದೆ ಆನೆ ತಾನೇ ಕಾಸು ತುಂಬ ನಿಂತಿದ್ದರೆ ಸುಲ್ತಾನರದು. ಆಮೇಲಾಮೇಲೆ ಮಹಾರಾಜರ ಕಾಸಿನಲ್ಲಿ ಆನೆಯ ತಲೆಯ ಮೇಲೆ ಕನ್ನಡದ ಶ್ರೀ ಬಂತು, ಕೊನೆಗೆ ಆನೆ ಹೋಗಿ ಸಿಂಹ ಬಂತು. ಒಂದು ಕಡೆ ಗೆರೆ ಎಳೆದ ಚೌಕಳಿ, ಇನ್ನೊಂದು ಕಡೆ ಬರೀ ಒಂದು ಕನ್ನಡ ಅಂಕಿ ಇದ್ದರೆ ಅದು ಇವೆಲ್ಲಕ್ಕಿಂತ ಹಳೆಯದು. ಆ ಅಂಕಿಯನ್ನು ಬೆಲೆ ಅಂದುಕೊಳ್ಳಬಾರದು. ಯಾಕೆ ಹಾಕಿದರು ಅಂತ ಕೇಳಿದರೆ ಆಚಾರ್ರು, “ಆಕ್ದೋನ್ನೇ ಕೇಳು” ಅಂದರು. ತಕ್ಕಡಿ ಇದ್ದರೆ ಕಂಪನಿಯದು. ರಾಮ ಸೀತೆ ಕೂತಿರುವ ದಪ್ಪ ಬಿಲ್ಲೆಯನ್ನು ತಂದು ರಾಮದೇವರ ಪಟ್ಟಾಭಿಷೇಕದ ದಿನ ಹೊಡೆದ ನಾಣ್ಯ ಅಂತ ಯಾರಾದರೂ ಹೇಳಿದರೆ ಕೈಮುಗಿದು ದೇವರ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಬೇಕು. ಅದು ಪೂಜೆಯ ಬಿಲ್ಲೆ, ಯಾವ ಅಂಗಡಿಯಲ್ಲೂ ನಡೆದ ನಾಣ್ಯವಲ್ಲ.

ಸುಲ್ತಾನರ ಕಾಸಿನ ಹಿಂದೆ ಪಾರ್ಸಿ ಅಕ್ಷರ. ನನಗೆ ಪಾರ್ಸಿ ಬರದು, ಅವರಿಗೂ ಬರದು. ಯಾರೋ ಸಾಹೇಬರ ಕೈಲಿ ಓದಿಸಿ, ಪಟ್ಟಣ, ನಗರ ಅನ್ನುವ ಊರಿನ ಹೆಸರುಗಳು ಹೇಗೆ ಕಾಣುತ್ತವೆ ಅಂತ ಕುಲುಮೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದುಕೊಂಡಿದ್ದರು. “ಓದೋದಲ್ಲ ಕಣ್ಲಾ, ಗುರ್ತು ಇಡಿಯೋದು. ನಿಮ್ಮ ಎತ್ತಿನ ಗುರ್ತು ಇಡಿಯಲ್ವಾ ನೀನು, ಅದ್ರ ಮೇಲೇನು ಎಸ್ರು ಬರ್ದೈತಾ?” ಅನ್ನುತ್ತಿದ್ದರು. ಓದು ಬಿಟ್ಟವನಿಗೆ ಈ ಮಾತು ಎಷ್ಟು ಹಿತವಾಗಿತ್ತು ಅಂತ ಬೇರೆಯವರಿಗೆ ತಿಳಿಯದು.

ಬೆಳ್ಳಿ ರೂಪಾಯಿಯ ವಿಷಯ ಬಂದರೆ ಮಾತ್ರ ಅವರಿಗೆ ಒಂದೇ ಕಥೆ. ವಿಲಾಯ್ತಿಯಲ್ಲಿ ಹೊಸ ದೊರೆ ಪಟ್ಟಕ್ಕೆ ಬಂದಾಗ ಹೊಡೆದ ಮೊದಲ ರೂಪಾಯಿಯಲ್ಲಿ, ದೊರೆಯ ಅಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ಮರುವರ್ಷ ಸೊಂಡಿಲು ತಿದ್ದಿದ್ದರು. ಆ ಹಂದಿ ರೂಪಾಯಿಯೊಂದನ್ನು ಅವರು ನನ್ನ ಮೂಗಿನ ಹತ್ತಿರ ಹಿಡಿದು ನಗುತ್ತಿದ್ದರು.

“ವಿಲಾಯ್ತಿಯೋರ್ಗೆ ಆನೆ ಬರಲ್ಲ ಕಣ್ಲಾ. ಆನೆ ಕೆತ್ತೋಕೆ ನಮ್ಮ ಮುತ್ತಾತನೇ ಬೇಕು.”

ಅವರ ಜೀವವೆಲ್ಲ ಆ ಮಾತಿನ ಮೇಲೆ ನಿಂತಿತ್ತು. ಅವರ ಮುತ್ತಾತ ಪಟ್ಟಣದ ಟಂಕಸಾಲೆಯಲ್ಲಿ ಆನೆ ಕಾಸಿನ ಅಚ್ಚು ಕೆತ್ತಿದವನಂತೆ. ತಾನು ಕೆತ್ತಿದ ಅಚ್ಚಿನಿಂದ ಬಿದ್ದ ಮೊದಲ ಕಾಸನ್ನು ಅವನಿಗೇ ಕೊಟ್ಟರಂತೆ. ಆ ಕಾಸು ಅವರ ದೇವರ ಗೂಡಿನಲ್ಲಿ ಕಾಳಮ್ಮನ ಪಾದದ ಹತ್ತಿರ ಇತ್ತು. ಆ ಕಾಸಿನ ದೆಸೆಯಿಂದ ಅವರದು ಟಂಕಸಾಲೆ ಮನೆ ಅನ್ನಿಸಿಕೊಂಡಿತ್ತು. ಹುಣಸೂರು, ಪಿರಿಯಾಪಟ್ಟಣ, ಎಡತೊರೆ ಸೀಮೆಯ ಅವರ ಕುಲದವರ ಯಾವ ಮದುವೆಯಾಗಲಿ, ಮೊದಲ ವೀಳ್ಯ ಆ ಮನೆಗೆ. ಆಚಾರ್ರು ಎದ್ದು ಶಲ್ಯ ಸರಿಮಾಡಿಕೊಂಡು ಆ ವೀಳ್ಯ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ವರ್ಷವೆಲ್ಲ ಹರಿದ ಪಂಚೆಯಲ್ಲಿ ತಿದಿ ಒತ್ತುವವರು ಅವತ್ತು ಪಾಳೇಗಾರರ ಹಾಗೆ ಕಾಣುತ್ತಿದ್ದರು.

ಆದರೆ ಆ ಕಾಸಿನಲ್ಲಿ ಆನೆ ಇರಲಿಲ್ಲ. ಏನೂ ಇರಲಿಲ್ಲ. ನಾಲ್ಕು ತಲೆಮಾರು, ದಿನಾ ಒಲೆ ಹೊತ್ತಿಸುವ ಮೊದಲು, ದೇವರ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತೊಳೆದು ಪೂಜೆ ಮಾಡಿದ್ದರು. ಎರಡು ಮುಖವೂ ಕನ್ನಡಿಯ ಹಾಗೆ ನುಣ್ಣಗಾಗಿ ಹೋಗಿತ್ತು. ಕಾಸು ಉಜ್ಜಿದ್ದಕ್ಕೆ ನನಗೆ ಬೈದವರೇ ಈ ಮನೆಯವರು ಅಂತ ನನಗೆ ನಗು ಬಂತು. ಅವರಿಗೆ ಬರಲಿಲ್ಲ. “ದೇವ್ರ ಗೂಡಿನ್ದು ಬ್ಯಾರೆ” ಅಂದರು.

ಈಗ ಅವರು ಒಲೆಗೆ ಬಗ್ಗುತ್ತಿದ್ದ ವಿಷಯ. ಸವೆದ ಕಾಸನ್ನು ಓದುವ ಒಂದು ಉಪಾಯ ಅವರಿಗೆ ಗೊತ್ತಿತ್ತು. ಕಬ್ಬಿಣದ ತಗಡನ್ನು ಕೆಂಡದ ಮೇಲೆ ಕೆಂಪಗೆ ಕಾಯಿಸಿ ಅದರ ಮೇಲೆ ಕಾಸು ಬಿಡಬೇಕು. ತಾಮ್ರಕ್ಕೆ ಬಣ್ಣ ಒಂದೇ ಸಮ ಏರುವುದಿಲ್ಲ, ತೇಪೆ ತೇಪೆಯಾಗಿ ಏರುತ್ತದೆ. ಹಿಂದೆ ಅಚ್ಚಿನ ಪೆಟ್ಟು ಬಿದ್ದ ಕಡೆ ಒಂದು ಬಣ್ಣ, ಬೀಳದ ಕಡೆ ಇನ್ನೊಂದು. ಕಣ್ಣಿಗೆ ಕಾಣದೆ ಹೋಗಿದ್ದ ಆನೆಯೋ ಅಕ್ಷರವೋ ಎದ್ದು ನಿಲ್ಲುತ್ತದೆ. ಉಸಿರು ಎಳೆದು ಬಿಡುವಷ್ಟು ಹೊತ್ತು ಅಷ್ಟೇ. ಆಮೇಲೆ ಕಾಸು ಕಪ್ಪಾಗುತ್ತದೆ. ಅದಕ್ಕೇ ಮುಖವನ್ನು ಉರಿಗೆ ಒಡ್ಡಿ ಕಾಯುತ್ತಿದ್ದರು. ಮೊದಲ ಸಲ ಕಂಡಾಗ ನನ್ನ ಮೈ ಜುಮ್ಮೆಂದಿತು. ಇನ್ನೊಂದು ಸಲ ಕಾಯಿಸಿ ಅಂದೆ.

“ಆಗಲ್ಲ. ಒಂದೇ ಸಲ. ಕಾದ ತಾಮ್ರಕ್ಕೆ ಮರೆವು ಬತ್ತದೆ. ಬಿದ್ದಿದ್ದ ಪೆಟ್ಟೆಲ್ಲ ಮರ್ತು ಮೆತ್ತಗಾಯ್ತದೆ. ಎರಡ್ನೇ ಸಲ ಇಟ್ರೆ ಬಣ್ಣ ಒಂದೇ ಸಮ ಏರಿ ಕಪ್ಪಾಗ್ತದೆ, ಇನ್ನೇನೂ ಕಾಣಲ್ಲ.”

ದೇವರ ಗೂಡಿನ ಕಾಸನ್ನು ಯಾಕೆ ಹೀಗೆ ಓದಿಲ್ಲ ಅಂತ ನಾನು ಕೇಳಲಿಲ್ಲ. ಒಂದೇ ಸಲ ಅಂದಮೇಲೆ ಕೇಳುವುದೇನು? ಅವರು ಅದನ್ನು ಉಳಿಸಿಕೊಂಡಿದ್ದರು. ಆನೆ ಇದೆ ಅನ್ನುವ ಧೈರ್ಯದಿಂದಲೋ, ಇಲ್ಲದಿದ್ದರೆ ಅನ್ನುವ ಹೆದರಿಕೆಯಿಂದಲೋ ನಾನು ಹೇಳಲಾರೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರ ಕಣ್ಣು ಮಂಜಾಗತೊಡಗಿತು. ಮೈಸೂರಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ದೀಪ ಹಿಡಿದು ನೋಡಿ, ಬೆಂಕಿ ನೋಡಿ ನೋಡಿ ಹೀಗಾಗಿದೆ, ಉಳಿದದ್ದೂ ಹೋಗುತ್ತದೆ ಅಂದರು. ವಾಪಸು ಬರುವಾಗ ಆಚಾರ್ರು, “ಉಳ್ದದ್ದು ಎಷ್ಟು ದಿನ ಅಂತ ಕೇಳಿದ್ಯಾ?” ಅಂದರು. ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಅವರ ಪಾಠಕ್ಕೆ ಹಿತ ಇರಲಿಲ್ಲ. ನಾನು ಸಂತೆಯಿಂದ ದಣಿದು ಬಂದು ಎತ್ತು ಬಿಚ್ಚುವ ಮೊದಲೇ ಕೂಗುತ್ತಿದ್ದರು. ಕಾಸಿನ ಗಡಿಗೆಯನ್ನು ಸುರಿದು ಕೂತಿರುತ್ತಿದ್ದರು. “ಇದು ಯಾವ್ದು? ಬೇಗ ಏಳು. ಇದು? ಬಾಲ ನೋಡ್ಲಾ, ಬಾಲ.” ನಾನು ತಡವರಿಸಿದರೆ ಕಾಸನ್ನು ನನ್ನ ಕೈಯಿಂದ ಕಿತ್ತುಕೊಂಡು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದು, ತಾವೇ ಹೇಳಲಾಗದೆ ಗಡಿಗೆಗೆ ಎಸೆಯುತ್ತಿದ್ದರು.

ಕಣ್ಣಿಲ್ಲದವರಿಗೆ ಬೆರಳೇ ಕಣ್ಣಾಗುತ್ತದೆ ಅಂತ ಜನ ಹೇಳುತ್ತಾರೆ. ಕಂಚುಗಾರನ ವಿಷಯದಲ್ಲಿ ಅದು ಸುಳ್ಳು. ಚಿಕ್ಕಂದಿನಿಂದ ಬಿಸಿ ತಾಮ್ರ ಹಿಡಿದು ಅವರ ಬೆರಳ ತುದಿಗಳು ಎತ್ತಿನ ಗೊರಸಿನ ಹಾಗಾಗಿದ್ದವು. ಆನೆಯ ಮೇಲೆ ಬೆರಳಾಡಿಸಿದರೂ ಸಿಂಹದ ಮೇಲೆ ಆಡಿಸಿದರೂ ಅವರಿಗೆ ಒಂದೇ. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಕಾಸನ್ನು ತುಟಿಗೆ ಒತ್ತಿಕೊಂಡು, ಎಳೆಮಗುವಿನ ಹಾಗೆ ಅತ್ತಿತ್ತ ಸವರಿಕೊಳ್ಳುತ್ತಿದ್ದರು. ಮೈಯಲ್ಲಿ ಮೆತ್ತಗೆ ಉಳಿದ ಜಾಗ ಅದೊಂದೇ. ನನ್ನ ಹೆಜ್ಜೆ ಕೇಳಿ ಕೈ ಕೆಳಗಿಳಿಸಿದರು.

“ತಾಮ್ರದ ರುಚಿ ಕಣ್ಲಾ. ಬರೀ ತಾಮ್ರದ ರುಚಿ.”

ಆ ವರ್ಷವೇ ಪಿರಿಯಾಪಟ್ಟಣದಲ್ಲಿ ಅವರ ಕುಲದ ಒಂದು ಮದುವೆ. ನನ್ನ ಗಾಡಿಯಲ್ಲೇ ಹೋದೆವು. ವೀಳ್ಯದ ತಟ್ಟೆ ಬಂತು. ಆಚಾರ್ರು ಎದ್ದು ನಿಂತರು. ತಟ್ಟೆ ಅವರ ಮುಂದೆ ಬರಲಿಲ್ಲ. ಪಿರಿಯಾಪಟ್ಟಣದ ಯಜಮಾನರು, ಕುಲಕ್ಕೆ ಹಿರಿಯರು, ಒಳ್ಳೆಯ ಮಾತಿನಲ್ಲೇ ಹೇಳಿದರು:

“ಆಚಾರ್ರೇ, ತಪ್ಪು ತಿಳ್ಕೋಬ್ಯಾಡಿ. ನಮ್ಮ ಉಡುಗ್ರು ಕೇಳ್ತಾವ್ರೆ. ಟಂಕಸಾಲೆ ಮನೆ ಅಂದ್ರೆ ಏನು ಗುರ್ತು ಅಂತ. ಆ ಕಾಸು ತೋರ್ಸಿ, ವೀಳ್ಯ ತಗೊಳ್ಳಿ.”

ಆಚಾರ್ರು ಮದುವೆಗೆಂದು ಗೂಡಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಕಾಸನ್ನು ತೆಗೆದು ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಹಿಂದಿನ ಸಾಲಿನಲ್ಲಿ ಒಬ್ಬ, “ಗಾಡಿ ಅಚ್ಚಿನ ಬಿಲ್ಲೆ ಇದ್ದಂಗೈತೆ ಕಣ್ರೀ” ಅಂದ. ಚಪ್ಪರವೆಲ್ಲ ನಕ್ಕಿತು. ವೀಳ್ಯ ಎಡತೊರೆಯ ಮನೆಯವರಿಗೆ ಹೋಯಿತು. ಆಚಾರ್ರು ಊಟ ಮಾಡಲಿಲ್ಲ.  ಹಿಂದಕ್ಕೆ ಬರುವಾಗ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಹೇಳಿದರು:

“ಕಾಯಿಸ್ಬೇಕು.”

“ಒಂದೇ ಸಲ ಅಂತ ನೀವೇ ಏಳ್ತೀರಿ.”

“ಅದಕ್ಕೇ ಯಜಮಾನ್ರ ಮುಂದೇನೇ ಕಾಯಿಸ್ಬೇಕು. ನನ್ನ ಕಣ್ಣಿಗೆ ಉರಿ ಕಾಣ್ತದೆ, ಉರೀಲಿರೋದು ಕಾಣಲ್ಲ. ನೀ ನೋಡಿ ಏಳು. ನೀ ನಮ್ಮ ಕುಲದೋನಲ್ಲ, ನಿನ್ನ ಮಾತು ನಡೀತದೆ. ಇದ್ದದ್ದು ಇದ್ದಂಗೇ ಏಳ್ಬೇಕು. ತಕ್ಕಡಿ ಇದ್ರೆ ತಕ್ಕಡಿ ಅನ್ನು.”

ನಾನು ಆಗಲಿ ಅಂದೆ. ವ್ಯಾಪಾರದಲ್ಲಿ ತೂಕ ಸುಳ್ಳು ಹೇಳಿದವನಲ್ಲ ನಾನು, ಅದು ಅವರಿಗೆ ಗೊತ್ತಿತ್ತು.

ಯಜಮಾನರು ಒಂದು ಭಾನುವಾರ ಮಧ್ಯಾಹ್ನ ಬಂದರು. ಕುಲುಮೆಯ ಬಾಗಿಲು ಹಾಕಿ, ಕಿಟಕಿಗೆ ಗೋಣಿ ಇಳಿಬಿಟ್ಟು ಕತ್ತಲೆ ಮಾಡಿದೆವು. ಆಚಾರ್ರ ಹೆಂಡತಿ ದೇವರ ಗೂಡಿನಿಂದ ಕಾಸು ತಂದವರು ಅದನ್ನು ಕೊಡದೆ ಹಿಡಿದುಕೊಂಡೇ ನಿಂತರು.

“ಬ್ಯಾಡ ಕಣ್ರೀ. ಇಷ್ಟು ದಿನ ಇದ್ದಂಗೆ ಇರ್ಲಿ.”

“ಇರ್ಲಿ ಅಂದ್ರೆ ಯಾರು ಬುಡ್ತಾರೆ? ತಾ ಇಲ್ಲಿ.”

ತಿದಿ ಒತ್ತಿದ್ದು ಆಚಾರ್ರೇ. ತಗಡು ಕೆಂಪಾಯಿತು. ಇಕ್ಕಳದಲ್ಲಿ ಕಾಸು ಹಿಡಿದು ನಾನು ಬಗ್ಗಿದೆ. ಯಜಮಾನರು ನನ್ನ ಭುಜದ ಪಕ್ಕದಲ್ಲಿ ಬಗ್ಗಿದರು. ಹುಬ್ಬು ಚುರುಗುಟ್ಟಿತು. ಕಾಸನ್ನು ಬಿಟ್ಟೆ. ಆಚಾರ್ರು ಹಿಂದೆ ನಿಂತು ನನ್ನ ಅಂಗಿಯನ್ನು ಹಿಡಿದುಕೊಂಡಿದ್ದರು. 

“ಬಂತಾ?”

“ಇನ್ನೂ ಇಲ್ಲ.”

ಕಾಸು ಕಂದಾಯಿತು. ನೇರಳೆಯಾಯಿತು. ಕಪ್ಪಾಯಿತು. ನಾನು ಕಣ್ಣು ಮಿಟುಕಿಸಲಿಲ್ಲ. ಯಜಮಾನರೂ ಮಿಟುಕಿಸಲಿಲ್ಲ.

“ಏನ್ ಬಂತ್ಲಾ? ಆನೆ ಕಾಲಾದ್ರೂ?”

“ಏನೂ ಬರ್ಲಿಲ್ಲ ಆಚಾರ್ರೇ.”

“ತಕ್ಕಡಿ?”

“ಇಲ್ಲ.”

ಯಜಮಾನರು ನೆಟ್ಟಗಾಗಿ ಸೊಂಟ ಹಿಡಿದುಕೊಂಡರು. ಅವರು ಕೆಟ್ಟವರಲ್ಲ. “ಬುಡಿ ಆಚಾರ್ರೇ. ಅಷ್ಟು ವರ್ಷ ಉಜ್ಜಿದ್ರೆ ಏನುಳೀತದೆ? ಇಲ್ಲ ಅಂತಾನೂ ನಾನು ಏಳಕಿಲ್ಲ” ಅಂದು, ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ಮೊದಲ ವೀಳ್ಯದ ಮಾತು ಎತ್ತಲಿಲ್ಲ. ಎತ್ತದಿದ್ದರೆ ಅದು ಹೋಯಿತು ಅಂತಲೇ ಅರ್ಥ.

ಯಜಮಾನರು ಬೀದಿ ದಾಟುವವರೆಗೆ ಆಚಾರ್ರು ಅವರ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಿದ್ದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಬಣ್ಣ ಎಂಗೆ ಏರ್ತು? ತೇಪೆ ತೇಪೆಯಾಗಾ, ಒಂದೇ ಸಮಾನಾ?”

ನಾನು ನೋಡಿದ್ದನ್ನೇ ನೆನೆದು ಹೇಳಿದೆ. “ಒಂದೇ ಸಮ.”

ತಿದಿಯ ಹಿಡಿಯ ಮೇಲೆ ಅವರ ಕೈ ನಿಂತಿತು.

“ಅಂಗಾದ್ರೆ ಯಾರೋ ಮೊದ್ಲೇ ಕಾಯಿಸಿ ನೋಡವ್ರೆ.”

“ಹುಣಸೆಹಣ್ಣೇ ಗುರ್ತೆಲ್ಲ ತಿಂದು ಆಕಿರ್ಬೋದು ಆಚಾರ್ರೇ. ಯಜಮಾನ್ರು ಏಳ್ಲಿಲ್ವಾ?”

“ನೀ ನಂಗೆ ಸಮಾಧಾನ ಏಳ್ಬ್ಯಾಡ. ತಾಮ್ರದ ಇಸ್ಯ ನಂಗೆ ಏಳ್ಬ್ಯಾಡ.”

ಆಮೇಲೆ, ನನಗಲ್ಲ, ಒಲೆಗೆ ಹೇಳುವ ಹಾಗೆ ಹೇಳಿದರು. “ನಮ್ಮಪ್ಪ ಸಾಯೋಕೆ ಒಂದು ವರ್ಷ ಮುಂಚೆ ಎಡತೊರೆ ಮದ್ವೇಲಿ ವೀಳ್ಯದ ತಟ್ಟೆ ಮುಂದಕ್ಕೆ ತಳ್ಳಿ ಎದ್ದು ಬಂದ. ಬ್ಯಾರೆಯೋರ್ಗೆ ಕೊಡಿ ಅಂದ. ಯಾಕಪ್ಪ ಅಂದೆ. ಏಳ್ಲಿಲ್ಲ. ವಯಸ್ಸಾಯ್ತು, ಮಂಕು ಬಡ್ದದೆ ಅಂದ್ಕಂಡೆ. ಅವ್ನು ಸತ್ತ ಮ್ಯಾಲೆ ನಾನೇ ಓಗಿ ಕೇಳಿ ವೀಳ್ಯ ವಾಪಸ್ ಇಸ್ಕಂಡೆ.”

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

“ಆನೆ ಕಂಡಿದ್ರೆ ಬೀದಿ ತುಂಬ ಕೂಗ್ತಿದ್ದ ಕಣ್ಲಾ ನಮ್ಮಪ್ಪ. ಮನೆ ಮನೆಗೆ ಬೆಲ್ಲ ಅಂಚ್ತಿದ್ದ. ಏನು ಕಂಡ್ನೋ. ನಂಗೊಂದು ಮಾತು ಏಳ್ಬೋದಾಗಿತ್ತು. ಅಷ್ಟು ವರ್ಷ ಎದ್ದು ನಿಂತು, ಶಲ್ಯ ಸರಿ ಮಾಡ್ಕಂಡು ತಗಂಡ್ನಲ್ಲ ನಾನು.”

  ಆಚಾರ್ರು ಆ ಕರಿ ಬಿಲ್ಲೆಯನ್ನು ತಡಕಾಡಿ ಎತ್ತಿ ನನ್ನ ಕೈಯಲ್ಲಿಟ್ಟರು. “ಅಳೇ ತಾಮ್ರದ ಮೂಟೇಗೆ ಆಕ್ಕೋ” ಅಂದರು. ನಾನು ಅದನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬಂದೆ.

ಮರುದಿನ ಬೆಳಗ್ಗೆ ಹೋದಾಗ ಆಚಾರ್ರು ಆರಿದ ಒಲೆಯ ಮುಂದೆ ಕೂತಿದ್ದರು. ದೇವರ ಗೂಡಿನಲ್ಲಿ ಕಾಳಮ್ಮನ ಪಾದದ ಹತ್ತಿರ ಕಾಸು ಹಿಂದಿನ ಹಾಗೇ ಇತ್ತು. ಅವರ ಹೆಂಡತಿ ಕಪ್ಪನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ತೆಗೆದು, ಮೇಲೆ ಒಂದು ಕಣಗಿಲೆ ಹೂವು ಇಟ್ಟಿದ್ದರು. ಬಾಯಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. ಆಚಾರ್ರಿಗೆ ಅದು ಕಾಣಲಿಲ್ಲ.

ಆಮೇಲೆ ಅವರು ಯಾವ ಮದುವೆಗೂ ಹೋಗಲಿಲ್ಲ. ನನಗೆ ಪಾಠ ಹೇಳುವುದನ್ನೂ ಬಿಟ್ಟರು. ನಾನು ಸಂತೆಯಿಂದ ತಂದ ಕಾಸನ್ನು ಅವರ ಮುಂದೆ ಸುರಿದು, ಇದು ಸೂರ್ಯಚಂದ್ರರ ಆನೆ, ಇದು ಚೌಕಳಿ ಅಂತ ನಾನೇ ಹೇಳುತ್ತಿದ್ದೆ. ಸರಿಯೋ ತಪ್ಪೋ ಅನ್ನುತ್ತಿರಲಿಲ್ಲ. ಒಂದು ಸಲ ಬೇಕೆಂದೇ ಸಿಂಹವನ್ನು ಆನೆ ಅಂದೆ, ಬೈಯಲಿ ಅಂತ. “ಆನೆ ಅಂದ್ರೆ ಆನೆ, ಬುಡು” ಅಂದರು. ಅದಕ್ಕಿಂತ ಅವರು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಹೋದ ಮಾಘದಲ್ಲಿ, ನಾನು ಅಂತರಸಂತೆಯಲ್ಲಿದ್ದಾಗ ತೀರಿಕೊಂಡರು. ಗಡಿಗೆಯನ್ನು ಅವರ ಹೆಂಡತಿ ನನಗೆ ಕೊಟ್ಟರು. ಗೂಡಿನದನ್ನು ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಸುಲ್ತಾನರ ಆನೆ ಒಂಬತ್ತು. ಸೂರ್ಯಚಂದ್ರರ ಆನೆ ಹದಿನಾಲ್ಕು. ಸಿಂಹ ಆರು. ಚೌಕಳಿ ಕಾಸು ನಾಲ್ಕು. ಕಂಪನಿಯ ತಕ್ಕಡಿ ಮೂರು. ಹಂದಿ ರೂಪಾಯಿ ಒಂದು. ಮುಖ ಸವೆದು ಏನೂ ಕಾಣದವು ಎರಡು; ಅವನ್ನು ನಾನು ಕಾಯಿಸಿಲ್ಲ.